ಉದರಶೂಲೆ: ವಾಯುವಿನ ಮೇಲೊಂದು ಅಪವಾದ

(ಶಾಖಾಮಠದ ಚಾತುರ್ಮಾಸ್ಯ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಖ್ಯಪ್ರಾಣನನ್ನು ಜೀವೋತ್ತಮನೆಂದು ಪೂಜಿಸುವ ಮನೆಗಳಲ್ಲಿಯೇ ವಾಯುವಿನ ಮೇಲೆ ಪ್ರತಿದಿನವೂ ಒಂದು ಅಪವಾದ ಹೊರಿಸಲ್ಪಡುತ್ತಿದೆ. ಹೊಟ್ಟೆ ನೊಂದರೆ ವಾಯು, ಎದೆ ಹಿಡಿದರೆ ವಾಯು, ಬೆನ್ನು ಸೆಳೆದರೂ ವಾಯು. ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದವರ ಬಾಯಲ್ಲಿ ಆ ಶಬ್ದ ‘ಗ್ಯಾಸ್’ ಎಂದು ಬದಲಾಗಿದೆಯೇ ಹೊರತು ಅಪವಾದ ಬದಲಾಗಿಲ್ಲ. ಓಮದ ಕಾಳು, ಇಂಗಿನ ಮಜ್ಜಿಗೆ, ಜೀರಿಗೆಯ ಕಷಾಯ, ಅದಕ್ಕೂ ಬಗ್ಗದಿದ್ದರೆ ಔಷಧದಂಗಡಿಯಿಂದ ತಂದ ಸೋಡಾಪುಡಿ. ಆ ಹೊತ್ತಿಗೆ ಶಮನವಾಗುತ್ತದೆ. ಹದಿನೈದು ದಿನಗಳ ನಂತರ ನೋವು ಮರಳಿ ಬರುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ. ಕಾರಣವೇನೆಂದು ಕೇಳುವವರು ಮಾತ್ರ ಅಪರೂಪ.

ದಾಸಸಾಹಿತ್ಯದ ಪರಂಪರೆಯಲ್ಲಿ ಉದರಶೂಲೆಗೆ ಒಂದು ವಿಶೇಷ ಸ್ಥಾನವಿದೆ. ಮಾನವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತ ವಿದ್ವತ್ತಿನ ಹೆಮ್ಮೆಯಿಂದ ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವಿನ ನೆಪವೊಡ್ಡಿ ತಿರಸ್ಕರಿಸಿದರು. ಮುಂದೆ ನಿಜವಾದ ಶೂಲೆಯೇ ಅವರನ್ನು ಕಾಡಿತು. ಔಷಧೋಪಚಾರಗಳು ಫಲಿಸದೆ ಮಂತ್ರಾಲಯಕ್ಕೆ ಬಂದು ಸೇವೆಗೆ ನಿಂತರು. ರಾಯರು ಅವರನ್ನು ವಿಜಯದಾಸರಲ್ಲಿಗೆ ಕಳುಹಿಸಿದರು, ವಿಜಯದಾಸರು ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿಯನ್ನಿತ್ತು, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನೇ ದಾನಮಾಡಿದರು. ಆ ಶ್ರೀನಿವಾಸಾಚಾರ್ಯರೇ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರೆಂಬುದು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ.

ಈ ವೃತ್ತಾಂತವನ್ನು ಕೇಳಿ, ಹೊಟ್ಟೆ ನೊಂದವರೆಲ್ಲ ಯಾವುದೋ ಅಪಚಾರ ಮಾಡಿದವರೆಂದು ತರ್ಕಿಸುವವರುಂಟು. ನೊಂದವರನ್ನು ಮತ್ತೆ ನೋಯಿಸುವ ಆ ತರ್ಕವನ್ನು ಬಿಟ್ಟುಬಿಡುವುದು ಒಳ್ಳೆಯದು. ಗಮನಿಸಬೇಕಾದ ಅಂಶ ಬೇರೆಯಿದೆ. ಕಾರಣ ಗೊತ್ತಾಗುವವರೆಗೆ ಯಾವ ಔಷಧವೂ ಅಲ್ಲಿ ಫಲಿಸಲಿಲ್ಲ. ಕಾರಣ ಗೊತ್ತಾದ ಮೇಲೆ, ಪರಿಹರಿಸಬಲ್ಲವರು ಯಾರೋ ಅವರ ಬಳಿಗೇ ರೋಗಿಯನ್ನು ಕಳುಹಿಸಲಾಯಿತು.

ಹೊಟ್ಟೆಯಲ್ಲಿ ವಾಯುವಿರುವುದು ರೋಗವಲ್ಲ. ಆರೋಗ್ಯವಂತನ ಕರುಳಿನಿಂದಲೂ ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ವಾಯು ಹೊರಹೋಗುತ್ತದೆ. ಹತ್ತರಿಂದ ಇಪ್ಪತ್ತು ಬಾರಿ ಹೋದರೂ ಅದು ಸಹಜವೇ. ಇದರಲ್ಲಿ ಒಂದು ಪಾಲು ಊಟದೊಡನೆ ನುಂಗಿದ ಗಾಳಿ. ಮಠದ ಪಂಕ್ತಿಯಲ್ಲಿ, ಹಿರಿಯರು ಏಳುವುದರೊಳಗೆ ಮುಗಿಸಬೇಕೆಂದು ಅವಸರದಿಂದ ಉಣ್ಣುವವರು ಇದನ್ನು ಇತರರಿಗಿಂತ ಹೆಚ್ಚಾಗಿಯೇ ನುಂಗುತ್ತಾರೆ. ಇನ್ನೊಂದು ಪಾಲು ದೊಡ್ಡಕರುಳಿನಲ್ಲಿ ಹುಟ್ಟುತ್ತದೆ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗಿದ ಸಕ್ಕರೆ, ಪಿಷ್ಟಗಳನ್ನು ಅಲ್ಲಿನ ಸೂಕ್ಷ್ಮಜೀವಿಗಳು ಹುದುಗೆಬ್ಬಿಸಿದಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಉತ್ಪತ್ತಿಯಾಗುತ್ತವೆ. ಅಂದರೆ ವಾಯು ಕಾರ್ಯ. ಕಾರಣ ಅದರ ಹಿಂದೆ ಇದೆ. ಎಷ್ಟೋ ಸಂದರ್ಭಗಳಲ್ಲಿ ನೋವಿಗೂ ವಾಯುವಿಗೂ ಕಾರ್ಯಕಾರಣ ಸಂಬಂಧವೇ ಇರುವುದಿಲ್ಲ. ಎರಡೂ ಒಂದೇ ಹೊಟ್ಟೆಯಲ್ಲಿ ವಾಸಿಸುತ್ತವೆ, ಅಷ್ಟೆ.

ಪ್ರಮಾಣಪದ್ಧತಿಯ ಪಾಠ ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ‘ನೋವಿದೆ, ತೇಗೂ ಬರುತ್ತಿದೆ, ಆದ್ದರಿಂದ ವಾಯುವೇ ನೋವಿನ ಕಾರಣ’ ಎಂಬ ಅನುಮಾನಕ್ಕೆ ವ್ಯಾಪ್ತಿಯ ಬಲವಿಲ್ಲ. ನೋವಿಲ್ಲದವರಲ್ಲಿಯೂ ವಾಯುವುಂಟು, ವಾಯುವಿನ ಬಾಧೆ ಕಿಂಚಿತ್ತೂ ಇಲ್ಲದವರಲ್ಲಿ ಘೋರವಾದ ನೋವುಂಟು. ತೇಗು ಬಂದೊಡನೆ ಹಗುರವೆನಿಸಿತೆಂಬುದೂ ಪ್ರಮಾಣವಲ್ಲ. ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪ್ರಾಣಾಪಾಯ ಅಡಗಿರುವುದು ಇಲ್ಲಿಯೇ.

ಹೃದಯದ ಕೆಳಭಾಗಕ್ಕೆ ರಕ್ತ ಒದಗಿಸುವ ನಾಳ ಕಟ್ಟಿಕೊಂಡಾಗ ನೋವು ಎದೆಯಲ್ಲಿಯೇ ಕಾಣಿಸಬೇಕೆಂಬ ನಿಯಮವಿಲ್ಲ. ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಭಾರ, ಉರಿ, ವಾಕರಿಕೆ, ತೇಗು ಇವುಗಳಾಗಿಯೂ ಕಾಣಿಸಿಕೊಳ್ಳಬಹುದು. ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಸ್ತ್ರೀಯರಲ್ಲಿ ಈ ವೇಷಾಂತರ ಇನ್ನೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಆರಂಭವಾದ ‘ಗ್ಯಾಸಿಗೆ’ ಕಷಾಯ ಕುಡಿಸಿ, ಬೆನ್ನು ನೀವಿ, ಬೆಳಗಾಗಲೆಂದು ಕಾಯುವ ಆರೇಳು ಗಂಟೆಗಳಲ್ಲಿಯೇ ಹೃದಯದ ಮಾಂಸಖಂಡ ನಿರ್ಜೀವವಾಗುತ್ತ ಹೋಗುತ್ತದೆ. ಹಿಂದೆಂದೂ ಕಾಣದ ರೀತಿಯ ನೋವು, ಅದರೊಡನೆ ತಣ್ಣನೆಯ ಬೆವರು, ಏದುಸಿರು, ದವಡೆಗೋ ತೋಳಿಗೋ ಹರಡುವ ಸೆಳೆತ, ನಡೆದರೆ ಹೆಚ್ಚಿ ನಿಂತರೆ ತಗ್ಗುವ ಸ್ವಭಾವ ಇವುಗಳಲ್ಲಿ ಒಂದು ಕಂಡರೂ ಕಷಾಯಕ್ಕೆ ನೀರಿಡುವ ಮೊದಲೇ ಇಸಿಜಿ ತೆಗೆಯುವ ಆಸ್ಪತ್ರೆಗೆ ಹೊರಡಬೇಕು. ಹೋದ ಮೇಲೆ ಅದು ಅಜೀರ್ಣವೆಂದೇ ತಿಳಿದುಬಂದರೆ ನಷ್ಟವೇನೂ ಇಲ್ಲ. ‘ಸುಮ್ಮನೆ ಎಲ್ಲರನ್ನೂ ಎಬ್ಬಿಸಿದೆ’ ಎಂಬ ಸಂಕೋಚವೊಂದೇ ಉಳಿಯುತ್ತದೆ. ಮನೆಯ ಹಿರಿಯರು, ಅದರಲ್ಲಿಯೂ ತಾಯಂದಿರು, ಈ ಸಂಕೋಚಕ್ಕಾಗಿಯೇ ಬೆಳಗಿನವರೆಗೆ ಸಹಿಸುತ್ತಾರೆ.

ಇಷ್ಟು ತುರ್ತಿಲ್ಲದಿದ್ದರೂ ಮನೆಮದ್ದಿಗೆ ಬಿಡಬಾರದ ಬೇರೆ ಲಕ್ಷಣಗಳಿವೆ. ಪ್ರಯತ್ನಿಸದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ (ಕಬ್ಬಿಣಾಂಶದ ಮಾತ್ರೆ ನುಂಗುವವರಲ್ಲಿಯೂ ಮಲ ಕಪ್ಪಾಗುತ್ತದೆ ಎಂಬುದನ್ನು ನೆನಪಿಡಬೇಕು), ರಕ್ತಹೀನತೆ, ನುಂಗುವಾಗ ತಡೆ, ಬಿಡದ ವಾಂತಿ, ಕಾಮಾಲೆ, ನಿದ್ರೆಯಿಂದ ಎಬ್ಬಿಸುವ ನೋವು, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಆರಂಭವಾದ ನೋವು. ಸಂಜೆಯ ಜ್ವರ, ಇಳಿಯುವ ತೂಕ, ಹೊಟ್ಟೆಯಲ್ಲಿ ಗುಡುಗುಡು ಸದ್ದಿನೊಡನೆ ಬಂದು ಹೋಗುವ ನೋವು ಸೇರಿದರೆ ಕರುಳಿನ ಕ್ಷಯವನ್ನು ಭಾರತದ ವೈದ್ಯರು ಮರೆಯುವಂತಿಲ್ಲ. ಐವತ್ತು ದಾಟಿದ ಸ್ತ್ರೀಯರಲ್ಲಿ ವಾರಗಟ್ಟಲೆ ಇಳಿಯದ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಅಂಡಾಶಯದ ಅರ್ಬುದದ ಮೊದಲ ಸೂಚನೆಯಾಗಿರಬಹುದು. ಒಂದು ಸ್ಕ್ಯಾನಿಂಗ್ ಮಾಡಿಸಲು ಮನೆಯವರು ‘ಎಲ್ಲರಿಗೂ ಆಗುವ ಗ್ಯಾಸೇ ತಾನೆ’ ಎಂದು ತಡಮಾಡಬಾರದು. ಎಣ್ಣೆತುಪ್ಪದ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಎದ್ದು, ಬಲಭುಜದ ಹಿಂದಕ್ಕೆ ಹರಿದು, ಗಂಟೆಗಟ್ಟಲೆ ನಿಂತು ಹೋಗುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಅದನ್ನೂ ಸ್ಕ್ಯಾನಿಂಗೇ ತೋರಿಸುತ್ತದೆ.

ಇವು ಯಾವುವೂ ಇಲ್ಲದೆ, ತೂಕ ಹಸಿವುಗಳು ಸರಿಯಿದ್ದು, ವರ್ಷಗಳಿಂದ ಬಂದುಹೋಗುವ ನೋವು ಉಬ್ಬರಗಳೇ ಬಹುಜನರ ಪಾಡು. ಅವರ ಪಾಲಿಗೆ ಚಾತುರ್ಮಾಸ್ಯ ಒಂದು ಅಪೂರ್ವವಾದ ಅವಕಾಶ.

ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ವಿದ್ವಾಂಸರು ಈ ಶತಮಾನದ ಆರಂಭದಲ್ಲಿ ಒಂದು ಆಹಾರಕ್ರಮವನ್ನು ರೂಪಿಸಿದರು. ಹುದುಗೇಳುವ ಸಕ್ಕರೆಗಳುಳ್ಳ ಪದಾರ್ಥಗಳನ್ನು ಎರಡರಿಂದ ಆರು ವಾರಗಳ ಕಾಲ ಬಿಡುವುದು, ಅನಂತರ ಒಂದೊಂದನ್ನೇ ಮರಳಿ ಸೇವಿಸಿ ಪರೀಕ್ಷಿಸುವುದು ಅದರ ಸಾರಾಂಶ. ಜಗತ್ತಿನ ಜಠರರೋಗತಜ್ಞರು ಈಗ ಅದನ್ನು ಬಳಸುತ್ತಾರೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳಧಾನ್ಯ ವರ್ಜ್ಯ. ಇಷ್ಟರಿಂದ ‘ಪೂರ್ವಿಕರಿಗೆ ಇದೆಲ್ಲ ಮೊದಲೇ ತಿಳಿದಿತ್ತು’ ಎಂದು ಬೀಗುವುದು ವ್ರತಕ್ಕೂ ವಿಜ್ಞಾನಕ್ಕೂ ಗೌರವವಲ್ಲ. ವ್ರತದ ಉದ್ದೇಶ ಶ್ರೀಹರಿಯ ಪ್ರೀತಿ, ಹೊಟ್ಟೆಯ ಚಿಕಿತ್ಸೆಯಲ್ಲ. ಆದರೆ ಹೇಗಿದ್ದರೂ ವ್ರತವನ್ನು ಆಚರಿಸುವವನು ತನ್ನ ದೇಹದಲ್ಲಿ ಆ ತಿಂಗಳು ಏನಾಯಿತೆಂದು ಬರೆದಿಟ್ಟುಕೊಂಡರೆ, ಸಾವಿರಾರು ರೂಪಾಯಿಗಳ ಪರೀಕ್ಷೆಗೂ ಸಿಕ್ಕದ ಮಾಹಿತಿ ಖರ್ಚಿಲ್ಲದೆ ಕೈಗೆ ಸಿಕ್ಕುತ್ತದೆ.

ಎರಡನೆಯ ಮತ್ತು ಮೂರನೆಯ ತಿಂಗಳುಗಳನ್ನು ಹೋಲಿಸಿ ನೋಡಬೇಕು. ದಧಿವ್ರತದಲ್ಲಿ ಮೊಸರಿಲ್ಲ, ಹಾಲುಂಟು. ಕ್ಷೀರವ್ರತದಲ್ಲಿ ಹಾಲಿಲ್ಲ, ಮೊಸರುಂಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಶೈಶವದಲ್ಲಿ ಎಲ್ಲರಲ್ಲಿಯೂ ಸಮೃದ್ಧವಾಗಿದ್ದು, ಬೆಳೆಯುತ್ತ ಬಹುಮಂದಿಯಲ್ಲಿ ಕುಗ್ಗುತ್ತದೆ. ಭಾರತದಲ್ಲಿ ಈ ಕುಗ್ಗುವಿಕೆ ವಾಯವ್ಯದ ಜನರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ಅಂಥವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಹೆಪ್ಪಿನ ಜೀವಾಣುಗಳು ಲ್ಯಾಕ್ಟೋಸಿನ ಸ್ವಲ್ಪ ಭಾಗವನ್ನು ತಾವೇ ತಿಂದು, ಉಳಿದುದನ್ನು ಕರುಳಿನಲ್ಲಿ ಒಡೆಯಲು ನೆರವಾಗುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನಬಹುದು. ಆದ್ದರಿಂದ ಶ್ರಾವಣ ಭಾದ್ರಪದಗಳಲ್ಲಿ ಉಬ್ಬಿದ ಹೊಟ್ಟೆ ಕ್ಷೀರವ್ರತದಲ್ಲಿ ಶಾಂತವಾಗಿ, ವ್ರತ ಮುಗಿದು ಹಾಲು ಮರಳಿದ ವಾರದಲ್ಲಿ ಮತ್ತೆ ಉಬ್ಬಿದರೆ ಶಂಕೆ ಬಲವಾಗುತ್ತದೆ. ತಾರ್ಕಿಕರ ಭಾಷೆಯಲ್ಲಿ ಅನ್ವಯವೂ ದೊರೆಯಿತು, ವ್ಯತಿರೇಕವೂ ದೊರೆಯಿತು. ಬಿಟ್ಟಾಗ ಶಮನವಾಯಿತೆಂಬುದಷ್ಟೇ ಸಾಲದು, ಕೊಂಡಾಗ ಮರುಕಳಿಸಿತೆಂಬುದೂ ಬೇಕು. ಹೆಚ್ಚಿನವರು ಮೊದಲನೆಯದನ್ನು ಗಮನಿಸಿ ಎರಡನೆಯದನ್ನು ಮರೆಯುತ್ತಾರೆ. ನಿಶ್ಚಯ ಬೇಕೆಂದರೆ ಉಸಿರಿನಲ್ಲಿಯ ಹೈಡ್ರೋಜನನ್ನು ಅಳೆಯುವ ಪರೀಕ್ಷೆ ದೊಡ್ಡ ನಗರಗಳಲ್ಲಿ ಲಭ್ಯವಿದೆ.

ಪರೀಕ್ಷೆಯನ್ನು ಕೆಡಿಸುವ ಸಂಗತಿಗಳೂ ಉಂಟು. ಕ್ಷೀರವ್ರತದ ಅವಧಿಯಲ್ಲಿಯೇ ಪಕ್ಷಮಾಸ ಬರುತ್ತದೆ, ನವರಾತ್ರಿ ಬರುತ್ತದೆ. ಶ್ರಾದ್ಧದ ಉದ್ದಿನ ವಡೆ ಉಂಡು ಹೊಟ್ಟೆ ಕೆಟ್ಟರೆ ಹಾಲು ನಿರಪರಾಧಿಯೆಂದು ತೀರ್ಮಾನಿಸುವಂತಿಲ್ಲ. ಹಾಲಿಲ್ಲವೆಂದು ಕಾಫಿಯನ್ನೇ ಬಿಟ್ಟವರಲ್ಲಿ ಶಮನದ ಕೀರ್ತಿ ಕಾಫಿಯ ತ್ಯಾಗಕ್ಕೂ ಸಲ್ಲಬಹುದು. ಪ್ರಮಾಣವನ್ನೂ ಲೆಕ್ಕ ಹಾಕಬೇಕು. ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಕಿಣ್ವ ಕಡಿಮೆಯಿರುವವರಲ್ಲಿಯೂ ಹೆಚ್ಚಿನವರು ಒಮ್ಮೆಗೆ 12 ಗ್ರಾಂ ತಾಳಿಕೊಳ್ಳುತ್ತಾರೆ. ಹೀಗಿರುವಾಗ ಬೆಳಗಿನ ಒಂದು ಲೋಟ ಕಾಫಿಯ ಹಾಲು ಅಪರಾಧಿಯಾಗುವುದು ಅಪರೂಪ. ಗಟ್ಟಿ ಹಾಲಿನ ಪಾಯಸ, ಅದರ ಮೇಲೆ ಖೋವಾದ ಪೇಡೆ, ರಾತ್ರಿ ಮಲಗುವಾಗ ಮತ್ತೊಂದು ಲೋಟ ಹಾಲು ಸೇರಿದಾಗ ಕಥೆ ಬೇರೆ.

ನಾಲ್ಕನೆಯ ತಿಂಗಳಿನ ಮಾತು ಸರಳ. ಬೇಳೆಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲವೇ ಇಲ್ಲ. ಅವು ಎಲ್ಲರ ಹೊಟ್ಟೆಯಲ್ಲಿಯೂ ವಾಯುವಾಗುತ್ತವೆ. ಕಾಳನ್ನು ರಾತ್ರಿಯೆಲ್ಲ ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಿದರೆ, ಅಥವಾ ಮೊಳಕೆ ಬರಿಸಿದರೆ ಈ ಸಕ್ಕರೆಗಳು ಗಣನೀಯವಾಗಿ ತಗ್ಗುತ್ತವೆ. ಕಡಲೆ, ಅಲಸಂದೆ, ರಾಜ್ಮಾಗಳಿಗಿಂತ ಹೆಸರುಬೇಳೆ ಹಗುರವೆಂಬ ಅಜ್ಜಿಯರ ಅನುಭವ ತಪ್ಪಲ್ಲ.

ಒಂದು ಎಚ್ಚರಿಕೆ. ಹೀಗೆ ಗುರುತಿಸಿದ ಪದಾರ್ಥವನ್ನು ಜೀವಮಾನವಿಡೀ ತ್ಯಜಿಸಬೇಕಾಗಿಲ್ಲ. ಹಾಲು, ಬೇಳೆ, ಗೋಧಿ ಮೂರನ್ನೂ ಹೆದರಿ ಬಿಟ್ಟ ಸಸ್ಯಾಹಾರಿಯ ತಟ್ಟೆಯಲ್ಲಿ ಸತ್ವವುಳ್ಳದ್ದು ಕಡಿಮೆಯೇ ಉಳಿಯುತ್ತದೆ.

ಪರಊರಿನ ಕನ್ನಡಿಗರು ಗೋಧಿಯನ್ನೂ ನೋಡಬೇಕು. ಅನ್ನದ ಮನೆತನದವರು ಪುಣೆ, ದಿಲ್ಲಿಗಳಿಗೆ ಬಂದು ಎರಡು ಹೊತ್ತೂ ಚಪಾತಿಗೆ ಹೊರಳಿದ್ದಾರೆ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಹುದುಗೇಳುವ ಪದಾರ್ಥವಿದೆ. ಈರುಳ್ಳಿ ಬೆಳ್ಳುಳ್ಳಿಗಳಲ್ಲಿಯೂ ಅದೇ ಇದೆ. ‘ಮಠದ ಊಟ ಎಷ್ಟು ಉಂಡರೂ ಸರಿ, ಹೋಟೆಲಿನದು ಸ್ವಲ್ಪವೇ ಆದರೂ ಹೊಟ್ಟೆ ಬಿಗಿಯುತ್ತದೆ’ ಎನ್ನುವವರಲ್ಲಿ ಕೆಲವರ ರಹಸ್ಯ ಇದು. ಇದಕ್ಕಿಂತ ಗಂಭೀರವಾದದ್ದು ಸೀಲಿಯಾಕ್ ರೋಗ. ಅದರಲ್ಲಿ ಗೋಧಿಯ ಗ್ಲುಟೆನ್ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಉತ್ತರ ಭಾರತದಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ, ದಕ್ಷಿಣದಲ್ಲಿ ಸುಮಾರು ಸಾವಿರದಲ್ಲಿ ಒಬ್ಬರಿಗೆ ಇದಿರುವುದಾಗಿ ಸಮೀಕ್ಷೆಗಳಿಂದ ತಿಳಿದಿದೆ. ರಕ್ತಪರೀಕ್ಷೆಯಿಂದ ಇದನ್ನು ಶಂಕಿಸಬಹುದು. ಆದರೆ ಪರೀಕ್ಷೆಗೆ ಮುನ್ನ ಗೋಧಿಯನ್ನು ಬಿಟ್ಟಿರಬಾರದು. ಬಿಟ್ಟವರಲ್ಲಿ ಪರೀಕ್ಷೆ ಸುಳ್ಳು ಹೇಳುತ್ತದೆ. ರೋಗ ಖಚಿತವಾದವರು ಇಂಗಿನ ಡಬ್ಬಿಯ ಮೇಲಿನ ಬರಹವನ್ನೂ ಓದಬೇಕು. ಅಂಗಡಿಯ ಕೂಟಿಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ.

ಅಡಿಗೆಮನೆಯಲ್ಲಿ ಸಿಕ್ಕದ ಕಾರಣ ಔಷಧದ ಪೆಟ್ಟಿಗೆಯಲ್ಲಿ ಸಿಕ್ಕುವುದುಂಟು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ತರಬಲ್ಲದು. ವೊಗ್ಲಿಬೋಸ್ ಕೆಲಸ ಮಾಡುವುದೇ ಪಿಷ್ಟ ಜೀರ್ಣವಾಗುವುದನ್ನು ತಡೆದು. ಆ ಪಿಷ್ಟ ದೊಡ್ಡಕರುಳಿಗಿಳಿದು ವಾಯುವಾಗುವುದು ಅನಿವಾರ್ಯ. ಮಂಡಿನೋವಿಗೆ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ವೃದ್ಧರಲ್ಲಿ ನೋವಿನ ಸೂಚನೆಯನ್ನೇ ಕೊಡದೆ ರಕ್ತಸ್ರಾವದಿಂದ ಮೊದಲು ಪ್ರಕಟವಾಗುವುದೂ ಉಂಟು. ಇವುಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು.

ಹುಣ್ಣಿಗೆ ಚಿಂತೆಯೂ ಖಾರವೂ ಕಾರಣವೆಂದು ವೈದ್ಯಲೋಕವೇ ದಶಕಗಳ ಕಾಲ ನಂಬಿತ್ತು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಜಠರದಲ್ಲಿ ಸುರುಳಿಯಾಕಾರದ ಒಂದು ಜೀವಾಣುವನ್ನು ತೋರಿಸಿದಾಗ ಒಪ್ಪಿದವರು ವಿರಳ. ಆಮ್ಲದಲ್ಲಿ ಜೀವಾಣು ಬದುಕದೆಂಬುದು ಆಗಿನ ಸಿದ್ಧಾಂತ. 1984ರಲ್ಲಿ ಮಾರ್ಷಲ್ ಆ ಜೀವಾಣುಗಳಿದ್ದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಅನುಭವಿಸಿ, ಪ್ರತ್ಯಕ್ಷಪ್ರಮಾಣವನ್ನೇ ಒದಗಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪುರಸ್ಕಾರ ದೊರೆಯಿತು. ಆ ಹೆಲಿಕೋಬ್ಯಾಕ್ಟರ್ ಪೈಲೋರಿ ಭಾರತದಲ್ಲಿ ಬಹಳ ವ್ಯಾಪಕವಾಗಿದೆ; ಇದ್ದವರೆಲ್ಲರಿಗೂ ಹುಣ್ಣಾಗುವುದಿಲ್ಲ, ಹುಣ್ಣಾದವರಲ್ಲಿ ಅದನ್ನು ಹುಡುಕದೆ ಬಿಡಬಾರದು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಗೊತ್ತಾಗುತ್ತದೆ, ಎರಡು ವಾರಗಳ ಔಷಧಕ್ರಮದಿಂದ ಸಾಮಾನ್ಯವಾಗಿ ನಿವಾರಣೆಯಾಗುತ್ತದೆ. ಬೆಳಗಾದೊಡನೆ ಖಾಲಿ ಹೊಟ್ಟೆಗೆ ಆಮ್ಲನಿರೋಧಕ ಮಾತ್ರೆ ನುಂಗುವ ಅಭ್ಯಾಸ ಇಲ್ಲಿ ಅಡ್ಡಬರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದವನ್ನು ವೈದ್ಯರ ಸೂಚನೆಯಂತೆ ಎರಡು ವಾರ ನಿಲ್ಲಿಸದೆ ಮಾಡಿದ ಪರೀಕ್ಷೆ ಇರುವ ಜೀವಾಣುವನ್ನು ಇಲ್ಲವೆನ್ನಬಹುದು.

ಎಲ್ಲ ಪರೀಕ್ಷೆಗಳೂ ನಿರ್ದೋಷವೆಂದು ಬಂದ ಮೇಲೂ ನೋವು ಉಳಿದವರು ಕಡಿಮೆಯಲ್ಲ. ಮಲವಿಸರ್ಜನೆಯೊಡನೆ ಏರಿಳಿಯುವ ನೋವು, ಒಮ್ಮೆ ಬದ್ಧತೆ ಒಮ್ಮೆ ಭೇದಿ ಇದ್ದರೆ ವೈದ್ಯರು ಕೆರಳುಕರುಳಿನ ವ್ಯಾಧಿ, ಅಂದರೆ ಐಬಿಎಸ್ ಎನ್ನುತ್ತಾರೆ. ‘ರಿಪೋರ್ಟಿನಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಮನೆಯವರು ತೀರ್ಪು ಕೊಡುವುದು ಈ ಘಟ್ಟದಲ್ಲಿಯೇ. ಅದು ಅನ್ಯಾಯ. ಕರುಳಿನ ನರಗಳು ಅತಿಸೂಕ್ಷ್ಮವಾಗಿ, ಇತರರಿಗೆ ಅರಿವಿಗೇ ಬಾರದಷ್ಟು ಹಿಗ್ಗುವಿಕೆ ಇವರಿಗೆ ನೋವಾಗಿ ಮುಟ್ಟುತ್ತದೆ. ಮನಸ್ಸಿನ ಕ್ಷೋಭೆ ಅದನ್ನು ಹೆಚ್ಚಿಸುವುದು ನಿಜ, ಆದರೆ ನೋವು ಕಲ್ಪಿತವಲ್ಲ. ಜಗತ್ತು ಸತ್ಯವೆಂದು ಸಾರುವ ಸಿದ್ಧಾಂತದವರು ಎದುರಿಗೆ ಕುಳಿತವರ ನೋವನ್ನು ಮಿಥ್ಯೆಯೆನ್ನಬಾರದು.

ಕೊನೆಯದಾಗಿ ಏಕಾದಶಿಯ ವಿಚಾರ. ನಿರ್ಜಲ ಉಪವಾಸ ಶಕ್ತರಿಗೆ ವಿಹಿತವಾದದ್ದು. ಹುಣ್ಣಿನ ಚಿಕಿತ್ಸೆಯಲ್ಲಿರುವವರು, ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹಟದಿಂದ ಉಪವಾಸವಿದ್ದು, ಔಷಧವನ್ನು ಮಾತ್ರ ಎಂದಿನಂತೆ ನುಂಗುವುದು ಅಪಾಯಕರ. ವ್ರತಭಂಗವನ್ನುಂಟುಮಾಡದ ಎಂಟರ ಗಣನೆಯಲ್ಲಿ ಧರ್ಮಶಾಸ್ತ್ರವು ಔಷಧವನ್ನೂ ಗುರುವಚನವನ್ನೂ ಸೇರಿಸಿದೆ. ಅಶಕ್ತರಿಗೆ ಅನುಕಲ್ಪವೂ ಉಂಟು. ವೈದ್ಯರನ್ನೂ ಶ್ರೀಮಠದಲ್ಲಿಯ ವಿದ್ವಾಂಸರನ್ನೂ ಕೇಳಿ ನಡೆಯುವುದರಲ್ಲಿ ಸಂಕೋಚಬೇಡ. ದ್ವಾದಶಿಯ ಮುಂಜಾವದ ಪಾರಣೆಯಲ್ಲಿ, ಇಡೀ ದಿನ ಬರಿದಾಗಿದ್ದ ಜಠರಕ್ಕೆ ಕೋಸಂಬರಿ, ಹುಳಿ, ಪಾಯಸಗಳನ್ನು ಹತ್ತು ನಿಮಿಷದಲ್ಲಿ ತುಂಬಿ, ಲೋಕಲ್ ರೈಲು ಹಿಡಿಯಲು ಓಡಿದರೆ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ವೈದ್ಯರಲ್ಲಿಗೆ ಹೋಗುವವರು ಎರಡು ಮೂರು ವಾರಗಳ ಟಿಪ್ಪಣಿಯೊಂದನ್ನು ಒಯ್ಯಬೇಕು. ನೋವು ಎಷ್ಟು ಗಂಟೆಗೆ, ಬೆರಳಿಟ್ಟು ತೋರಿಸಬಹುದಾದ ಯಾವ ಜಾಗದಲ್ಲಿ, ಉಂಡ ಎಷ್ಟು ಹೊತ್ತಿಗೆ, ಏನು ಉಂಡ ಮೇಲೆ, ಮಲ ಹೇಗಿತ್ತು, ನಿದ್ರೆ ಬಂದಿತೇ ಎಂಬಿಷ್ಟು ಸಾಕು. ನುಂಗುತ್ತಿರುವ ಎಲ್ಲ ಮಾತ್ರೆಗಳೂ, ಊರಿನಿಂದ ತರಿಸಿದ ಚೂರ್ಣ ಲೇಹ್ಯಗಳೂ ಒಂದೇ ಚೀಲದಲ್ಲಿರಲಿ. ಆ ಟಿಪ್ಪಣಿಯಲ್ಲಿ ಏಕಾದಶಿಗಳು ಬಂದ ದಿನಗಳನ್ನೂ, ಪಾರಣೆಯ ಹೊತ್ತನ್ನೂ, ಆ ತಿಂಗಳ ವ್ರತ ಯಾವುದೆಂಬುದನ್ನೂ ಬರೆದಿಡಬೇಕು. ಮುಂಬಯಿಯ ಅಥವಾ ದಿಲ್ಲಿಯ ವೈದ್ಯರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಅವರು ಕೇಳುವುದೂ ಇಲ್ಲ.